ವಿಶ್ವವಿದ್ಯಾಲಯವೇ ಗುಳೆ ಹೋದರೆ

ಬಾಗಲಕೋಟೆ ಜಿಲ್ಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನಕ್ಕೆ ಒಂದು ಶಿಸ್ತಿದೆ. ನಿವೃತ್ತ ಗುರುಗಳನ್ನು ಹೂವಿನಿಂದ ಸಿಂಗರಿಸಿದ ಟ್ರ್ಯಾಕ್ಟರ್‌ನಲ್ಲಿ ಕೂರಿಸಿ ಡೊಳ್ಳು ಬಾರಿಸುತ್ತ ಕರೆತರಬೇಕು. ಗೆಳತಿಯರೆಲ್ಲ ಒಂದೇ ಬಣ್ಣದ ಇಳಕಲ್ ಸೀರೆ ಉಡಬೇಕು. ಶಾಲು, ಹಾರ, ಸೆಲ್ಫಿ, ಮಧ್ಯಾಹ್ನ ಗೋಧಿ ಹುಗ್ಗಿ. ಅಂದು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆದವನೇ ಇಂದು ಊಟದ ಖರ್ಚು ಹೊತ್ತಿರುವುದರಿಂದ ವೇದಿಕೆಯ ಮೇಲೆ ನಡುವಿನ ಕುರ್ಚಿ ಅವನದು.

ತೊಡಕು ಬರುವುದು ಫ್ಲೆಕ್ಸ್ ಅಂಗಡಿಯಲ್ಲಿ.

‘ಸರ, ಯುನಿವರ್ಸಿಟಿ ಲೋಗೋ ಯಾವ್ದು ಹಾಕ್ಲಿರೀ?’

‘ನಂದು ಧಾರವಾಡ, ತಮ್ಮಂದು ಬೆಳಗಾವಿ, ಮಗಂದು ಜಮಖಂಡಿ. ಒಂದ್ ಕೆಲಸ ಮಾಡು, ಶಾಸಕರ ಫೋಟೊ ದೊಡ್ಡದು ಹಾಕು. ಲೋಗೋ ಯಾರೂ ಕೇಳಂಗಿಲ್ಲ.’

ಈ ಸೀಮೆಯ ಅಜ್ಜಂದಿರು ಮುಂಬೈ ವಿಶ್ವವಿದ್ಯಾಲಯದ ಪದವೀಧರರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು. ಅದೂ ಮುಂಬೈನಲ್ಲೇ ಕಣ್ಣು ಬಿಟ್ಟು ಮರುವರ್ಷ ಧಾರವಾಡಕ್ಕೆ ಬಂದದ್ದು. 2010ರಲ್ಲಿ ಜಿಲ್ಲೆಯ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪಾಲಾದವು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಹುಟ್ಟಿತು. ಅದನ್ನು ಬಾಗಲಕೋಟೆಯಲ್ಲಿ ಹುಡುಕಬೇಡಿ, ಅದಿರುವುದು ಜಮಖಂಡಿಯಲ್ಲಿ. ಬಾಗಲಕೋಟೆಯಲ್ಲಿರುವುದು ತೋಟಗಾರಿಕೆಯ ವಿಶ್ವವಿದ್ಯಾಲಯ. ಇನ್ನೂ ಬೋರ್ಡಿನ ಬಣ್ಣ ಮಾಸಿರಲಿಲ್ಲ, 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಲೆಕ್ಕ ಹಾಕಿ, ರಾಜ್ಯದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿರೆಂದಿತು. ಬಾಗಲಕೋಟೆಯೂ ಆ ಒಂಬತ್ತರಲ್ಲಿ ಒಂದು. ಸೊಸೆ ಬಂದು ಎರಡು ವರ್ಷ ತುಂಬಿರಲಿಲ್ಲ, ಸಾಕುವುದು ಕಷ್ಟವೆಂದು ತವರಿಗೆ ಕಳಿಸುವ ಮಾತು!

ವಿದ್ಯಾರ್ಥಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಮೈಗ್ರೇಶನ್ ಸರ್ಟಿಫಿಕೇಟ್ ತರಬೇಕೆಂಬುದು ನಿಯಮ. ಹುನಗುಂದದ ಕಾಲೇಜು ಇದ್ದಲ್ಲೇ ಇದೆ, ಬೆಂಚೂ ಅಲುಗಿಲ್ಲ. ಗುಳೆ ಹೊರಟದ್ದು ವಿಶ್ವವಿದ್ಯಾಲಯ. ಆ ಸರ್ಟಿಫಿಕೇಟನ್ನು ಈಗ ಯಾರು ಯಾರಿಗೆ ಕೊಡಬೇಕು?

ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಿದಾಗ ಬಾಗಲಕೋಟೆಯವರಿಗೆ ನವನಗರದಲ್ಲಿ ಸೆಕ್ಟರ್ ನಂಬರಾದರೂ ಸಿಕ್ಕಿತು. ಪದವಿ ಸಂತ್ರಸ್ತರಿಗೆ ಪುನರ್ವಸತಿ ಅಧಿಕಾರಿಯೇ ಇಲ್ಲ. ಸಂದರ್ಶನದಲ್ಲಿ ‘ಈ ಯುನಿವರ್ಸಿಟಿ ಎಲ್ಲಿದೆ?’ ಎಂದರೆ ಹುಡುಗ ‘ಯಾವ ವರ್ಷದ್ದು ಕೇಳ್ತೀರಿ ಸರ?’ ಎನ್ನಬೇಕು.

ಇದೇ ಜಿಲ್ಲೆಯ ಬಾದಾಮಿಯಲ್ಲಿ ಕ್ರಿ.ಶ. 543ರಲ್ಲಿ ಬಂಡೆಗೆ ಕೊರೆಸಿದ ಚಾಲುಕ್ಯ ವಲ್ಲಭೇಶ್ವರನ ಹೆಸರು ಇನ್ನೂ ಓದಲು ಸಿಗುತ್ತದೆ. ಪುಣ್ಯಕ್ಕೆ ಆಗ ಉಪಸಮಿತಿಗಳಿರಲಿಲ್ಲ.

ಸರ್ಕಾರಕ್ಕೊಂದು ಸಲಹೆ: ಪದವಿ ಪ್ರಮಾಣಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರಿನ ಜಾಗ ಖಾಲಿ ಬಿಡಿ. ಘಟಿಕೋತ್ಸವದಲ್ಲಿ ಗೌನು, ಟೊಪ್ಪಿಗೆಯ ಜೊತೆ ಒಂದು ಪೆನ್ಸಿಲ್, ಒಂದು ರಬ್ಬರ್ ಕೊಡಿ. ಮುಂದಿನ ಬಜೆಟ್ ನೋಡಿಕೊಂಡು ಅವರವರೇ ಬರೆದುಕೊಳ್ಳುತ್ತಾರೆ.