ಇರಲಿ, ಒಂದು ಟಿಬಿ

ಲ್ಯಾಪ್‌ಟಾಪ್ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಗೆ ನಿಜ ಹೇಳಿದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ. "ಏನ್ ಕೆಲಸಕ್ಕೆ ಸಾರ್?" ಎನ್ನುತ್ತಾನೆ ಕೌಂಟರಿನ ಹುಡುಗ. ಕರೆಂಟ್ ಬಿಲ್ ಕಟ್ಟುವುದು, ರೈಲಿನ ಟಿಕೆಟ್ ತೆಗೆಯುವುದು, ಯೂಟ್ಯೂಬಿನಲ್ಲಿ ಹಳೆಯ ಸಿನಿಮಾ ನೋಡುವುದು, ವರ್ಷಕ್ಕೊಮ್ಮೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬುತ್ತ ಸರ್ಕಾರವನ್ನು ಬೈಯುವುದು: ಇದು ನಿಜವಾದ ಉತ್ತರ. ಆದರೆ ಅರವತ್ತು ಸಾವಿರ ಖರ್ಚು ಮಾಡಲು ಬಂದವನಿಗೆ ತನ್ನ ಬದುಕು ಇಷ್ಟೇ ಎಂದು ಪರರೆದುರು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಗಂಟಲು ಸರಿಮಾಡಿಕೊಂಡು, "ಸ್ವಲ್ಪ ವಿಡಿಯೊ ಎಡಿಟಿಂಗ್ ಇರುತ್ತೆ, ಸ್ವಲ್ಪ ಡಿಸೈನು..." ಎನ್ನುತ್ತಾನೆ. ಹುಡುಗ ತಲೆಯಾಡಿಸಿ 32 ಜಿಬಿಯ ಯಂತ್ರವನ್ನು ಮುಂದಕ್ಕೆ ತಳ್ಳುತ್ತಾನೆ. ಅವನನ್ನು ಅಂದು ಪ್ರಯೋಜನವಿಲ್ಲ. ಬರುವ ವರ್ಷ ನಾವು ಆಗಲಿರುವ, ಬೆಳಗ್ಗೆ ಐದಕ್ಕೇ ಎದ್ದು ಮೂರು ಹೊಸ ವಿದ್ಯೆ ಕಲಿಯಲಿರುವ ಆ ಮಹಾಪುರುಷನಿಗಾಗಿ ನಾವು ಇವತ್ತೇ ಯಂತ್ರ ಕೊಳ್ಳುತ್ತಿರುತ್ತೇವೆ.

ನನ್ನ ಭಾವ ಈ ಪಂಗಡದವರೇ. ಮಗಳು ಎಂಜಿನಿಯರಿಂಗ್ ಸೇರಿದ್ದಾಳೆಂದು ಹಾಸನದಿಂದ ಬಂದಿದ್ದವರನ್ನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿಳಿದಾಗಲೇ ತಮ್ಮ ನಿಲುವನ್ನು ಸ್ಪಷ್ಟಪಡಿಸಿದರು. "ನೋಡಯ್ಯ, ಒಂದು ಟಿಬಿ ಇರ್ಲಿ. ರ‍್ಯಾಮೂ ಎಷ್ಟಿದೆಯೋ ಅಷ್ಟೂ ಇರ್ಲಿ. ಜಾಸ್ತಿ ಇದ್ರೆ ಹುಳ ಹಿಡಿಯುತ್ತಾ?"

ಹುಳ ಹಿಡಿಯುವುದಿಲ್ಲ, ನಿಜ. ಆದರೆ ಈ ಎರಡು 'ಇರ್ಲಿ'ಗಳೂ ಒಂದೇ ಜಾತಿಯವಲ್ಲ. ಈಗ, ಈ ಗಳಿಗೆಯಲ್ಲಿ ತೆರೆದಿಟ್ಟುಕೊಂಡ ಕೆಲಸವೆಲ್ಲ ನಡೆಯುವುದು ರ‍್ಯಾಮಿನಲ್ಲಿ. ಯಂತ್ರ ಆಫ್ ಮಾಡಿದ ಮೇಲೂ ಉಳಿಯಬೇಕಾದದ್ದು ಇರುವುದು ಭಾವ ಟಿಬಿ ಲೆಕ್ಕದಲ್ಲಿ ಕೇಳಿದ ಎಸ್‌ಎಸ್‌ಡಿಯಲ್ಲಿ. ರ‍್ಯಾಮ್ ಸಾಲದೆ ಬಂದರೆ ವಿಂಡೋಸ್ ಒಂದಿಷ್ಟನ್ನು ಎತ್ತಿ ಎಸ್‌ಎಸ್‌ಡಿಯಲ್ಲಿಡುತ್ತದೆ, ಬೇಕಾದಾಗ ವಾಪಸು ತರುತ್ತದೆ. ಯಂತ್ರ ತಿಣುಕುವುದು ಈ ಓಡಾಟದಲ್ಲೇ. ಓಡಾಟ ನಿಲ್ಲುವಷ್ಟು ರ‍್ಯಾಮ್ ಸಿಕ್ಕಿದ ಮೇಲೆ ಅದಕ್ಕಿಂತ ಹೆಚ್ಚು ಸುರಿದರೆ ವೇಗವೇನೂ ಹೆಚ್ಚುವುದಿಲ್ಲ. 16 ಸಾಕಾಗುವ ಕಡೆ 64 ಹಾಕಿಸಿದರೆ 48 ಸುಮ್ಮನೆ ಕೂತು ಬ್ಯಾಟರಿ ಕುಡಿಯುತ್ತದೆ.

ಸುಮ್ಮನೆ ಕೂತರೂ ಅದಕ್ಕೆ ಕೆಲಸ ತಪ್ಪಿದ್ದಲ್ಲ. ಇಂದಿನ ರ‍್ಯಾಮಿನ ಮೂಲ ವಿನ್ಯಾಸ ಐಬಿಎಂನಲ್ಲಿದ್ದ ರಾಬರ್ಟ್ ಡೆನ್ನಾರ್ಡ್ ಅವರದು. ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಒಂದೊಂದು ಬಿಟ್ಟನ್ನೂ ಅತಿ ಸಣ್ಣ ಕೆಪಾಸಿಟರಿನಲ್ಲಿ ತುಸು ವಿದ್ಯುತ್ತಾಗಿ ಹಿಡಿದಿಡುವುದು ಅದರ ಉಪಾಯ. ಆ ವಿದ್ಯುತ್ತು ಸೋರಿಹೋಗುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಹದಿನಾರು ಸಲ, ಇದ್ದದ್ದನ್ನೆಲ್ಲ ಓದಿ ಪುನಃ ಅಲ್ಲೇ ಬರೆಯಬೇಕು. ಇಷ್ಟೆಲ್ಲ ಕಂಠಪಾಠ ಮಾಡಿಯೂ ಕರೆಂಟ್ ಹೋದರೆ ಎಲ್ಲ ಮರೆತು ಕೂರುತ್ತದೆ. ಪರೀಕ್ಷೆ ಬರೆದವರಿಗೆಲ್ಲ ಅದರ ಮೇಲೆ ಮರುಕ ಹುಟ್ಟಬೇಕು.

"ಹಾಗಾದ್ರೆ ಎಷ್ಟು ಸಾಕು ಅಂತ ಹೇಳು" ಎಂದರು ಭಾವ. ಇದಕ್ಕೆ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ವಿಂಡೋಸ್ 95 ಕೇಳಿದ ಕನಿಷ್ಠ ರ‍್ಯಾಮ್ 4 ಎಂಬಿ. 2001ರ ಎಕ್ಸ್‌ಪಿ 64 ಎಂಬಿ ಕೇಳಿತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವುದು 4 ಜಿಬಿ. ಇಪ್ಪತ್ತಾರು ವರ್ಷದಲ್ಲಿ ಬೇಡಿಕೆ ಸಾವಿರ ಪಟ್ಟು ಏರಿದೆ. ನಾನು ಟೈಪ್ ಮಾಡುವ ವೇಗ ಅಲ್ಲೇ ಇದೆ. ಯಂತ್ರಗಳು ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶಗಳು ಮಂದವಾಗುತ್ತಿವೆ ಎಂದು ಪಾಸ್ಕಲ್ ಭಾಷೆಯ ಕರ್ತೃ ನಿಕ್ಲಾಸ್ ವಿರ್ತ್ 1995ರಲ್ಲೇ ಗೊಣಗಿದ್ದರು. ಆ ಗೊಣಗಾಟಕ್ಕೆ ಅವರ ಹೆಸರಿನ ನಿಯಮವೆಂಬ ಮರ್ಯಾದೆ ಸಿಕ್ಕಿತು, ಪರಿಹಾರ ಮಾತ್ರ ಸಿಗಲಿಲ್ಲ.

ಕಾಗದದ ಮೇಲೆ 4 ಜಿಬಿ ಎಂದಿದ್ದರೂ ಅಷ್ಟರಲ್ಲಿ ವಿಂಡೋಸ್ ಎದ್ದು ನಿಲ್ಲುತ್ತದೆ, ನಡೆಯುವುದಿಲ್ಲ. 8 ಜಿಬಿಯಲ್ಲಿ ಪತ್ರ, ಲೆಕ್ಕ, ಸಿನಿಮಾ ಎಲ್ಲ ನಡೆಯುತ್ತದೆ. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದು ಜೊತೆಗೊಂದು ವಿಡಿಯೊ ಮೀಟಿಂಗ್ ಹಚ್ಚಿದರೆ ಏದುಸಿರು. ಆಪಲ್‌ನವರೂ 2024ರ ಅಕ್ಟೋಬರಿನಲ್ಲಿ 8ರ ಹಟ ಬಿಟ್ಟು ಮ್ಯಾಕ್‌ಬುಕ್ ಏರ್‌ಗೆ ಅದೇ ಬೆಲೆಗೆ 16 ಹಾಕತೊಡಗಿದರು. ಹೊಸದಾಗಿ ಕೊಳ್ಳುವವರಿಗೆ ಈಗ 16 ಎನ್ನುವುದು ಸರಿಯಾದ ಮಾತು. 4ಕೆ ವಿಡಿಯೊ ಕತ್ತರಿಸುವವರು, ದೊಡ್ಡ ಕಟ್ಟಡದ ನಕ್ಷೆ ಬರೆಯುವವರು, ಒಂದು ಯಂತ್ರದೊಳಗೆ ಇನ್ನೆರಡು ವರ್ಚುಯಲ್ ಯಂತ್ರ ಓಡಿಸುವವರು 32 ಕೇಳಲಿ. ಅಂಥವರು ಸಲಹೆ ಕೇಳುತ್ತ ನಮ್ಮಂಥವರ ಬಳಿಗೆ ಬರುವುದೂ ಇಲ್ಲ.

ಇನ್ನು ಭಾವನ ಒಂದು ಟಿಬಿ. ಅದರಲ್ಲಿ ಏನು ಹಿಡಿಯುತ್ತದೆಂದು ಒಮ್ಮೆ ಲೆಕ್ಕ ಹಾಕಿದ್ದೆ. ಯೂನಿಕೋಡಿನಲ್ಲಿ ಕಡತ ಉಳಿಸುವಾಗ ಸಾಮಾನ್ಯವಾಗಿ ಕನ್ನಡದ ಮೂಲಾಕ್ಷರಕ್ಕೆ, ಗುಣಿತದ ಚಿಹ್ನೆಗೆ, ಒತ್ತಿಗೆ ಬೇಕಾದ ವಿರಾಮಕ್ಕೆ ತಲಾ ಮೂರು ಬೈಟು. ಆ ಲೆಕ್ಕದಲ್ಲಿ ಏಳುನೂರು ಪುಟದ ದಪ್ಪ ಕಾದಂಬರಿ ಸುಮಾರು 5 ಎಂಬಿ. 1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್‌ಡಿಸ್ಕ್ ಯಂತ್ರ ಒಂದು ಟನ್ನಿಗೂ ಭಾರವಿತ್ತು, ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದದ್ದು ಇಂದಿನ ಲೆಕ್ಕದಲ್ಲಿ 4 ಎಂಬಿಗಿಂತ ಕಡಿಮೆ. ನಮ್ಮ ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಹೊರಗೇ ಬಿಡಬೇಕಾಗುತ್ತಿತ್ತು. ಒಂದು ಟಿಬಿಯಲ್ಲಾದರೋ ಅಂಥ ಎರಡು ಲಕ್ಷ ಕಾದಂಬರಿ ಇಡಬಹುದು. ಆದರೆ ಕಾದಂಬರಿಗೆಂದು ಟಿಬಿ ಕೊಂಡವರು ಯಾರು? ಫೋನಿನಲ್ಲಿ ತೆಗೆದ ಇಡ್ಲಿ ತಟ್ಟೆಯ ಒಂದು ಫೋಟೊ ಆ ಏಳುನೂರು ಪುಟದಷ್ಟೇ ಜಾಗ ತಿನ್ನುತ್ತದೆ. ಮದುವೆಯ ಫೋಟೊಗ್ರಾಫರ್ ಧಾರೆಯ ಅದೇ ಗಳಿಗೆಯನ್ನು ನಲವತ್ತು ಸಲ ಒತ್ತಿ, ಎಂಟು ಹತ್ತು ಎಂಬಿಯ ಮೂರು ಸಾವಿರ ಫೋಟೊಗಳನ್ನು ಪೆನ್‌ಡ್ರೈವಿಗೆ ತುಂಬಿ ಕೊಡುತ್ತಾನೆ. ಅವನ್ನು ಪೂರ್ತಿ ನೋಡಿದ ದಂಪತಿಗಳಿದ್ದರೆ ಸನ್ಮಾನ ಮಾಡಬೇಕು.

ಭಾವನ ಹಳೆಯ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರನ್ನು ನಾನು ಕಣ್ಣಾರೆ ಕಂಡವನು. ಅಲ್ಲಿ ಆಧಾರ್ ಇತ್ತು, ಆಧಾರ್ (1) ಇತ್ತು, ಹಾಗೇ ಇಳಿಯುತ್ತ ಹೋದರೆ ಆಧಾರ್ (9) ಇತ್ತು. ಬೇಕಾದಾಗಲೆಲ್ಲ ಹುಡುಕುವ ಬದಲು ಹೊಸದಾಗಿ ಇಳಿಸಿಕೊಳ್ಳುವುದು ಅವರ ಪದ್ಧತಿ. "ಒಂದು ಇಟ್ಟು ಉಳಿದದ್ದು ಅಳಿಸೋಣವಾ ಭಾವ?" ಎಂದರೆ, "ಯಾವುದು ಒರಿಜಿನಲ್ಲೋ ಏನೋ, ಇರ್ಲಿ ಬಿಡಯ್ಯ" ಎಂದಿದ್ದರು. ಇಷ್ಟೆಲ್ಲ ಸಾಕಿಕೊಂಡೂ ಆ 500 ಜಿಬಿಯಲ್ಲಿ ತುಂಬಿದ್ದು ಕಾಲುಭಾಗ ಮಾತ್ರ.

ಟಿಬಿ ನಿಜಕ್ಕೂ ಬೇಕಾದವರೂ ಇದ್ದಾರೆ. ಶಿರಸಿ ಕಡೆಯ ಗೆಳೆಯನೊಬ್ಬ ಯಕ್ಷಗಾನ ಚಿತ್ರೀಕರಿಸುತ್ತಾನೆ. ಫೋನಿನ 4ಕೆ ವಿಡಿಯೊಗೆ ನಿಮಿಷಕ್ಕೆ ಸುಮಾರು 170 ಎಂಬಿ ಎಂದರೂ ಎಂಟು ಗಂಟೆಯ ಇಡೀ ರಾತ್ರಿಯ ಆಟ 80 ಜಿಬಿ ದಾಟುತ್ತದೆ. ಭಾಗವತರು ಹುರುಪಿನಲ್ಲಿ ಎಳೆದರೆ ಇನ್ನೂ ಹೆಚ್ಚು. ಒಂದೊಂದೇ ನೂರು ಜಿಬಿ ನುಂಗುವ ಆಟಗಳಿಗೆ ಅಂಟಿಕೊಂಡ ಹುಡುಗರೂ ಹಾಗೆಯೇ. ಮಿಕ್ಕವರಿಗೆ 512 ಜಿಬಿ ಬಹಳ ವರ್ಷ ಬರುತ್ತದೆ.

ಆ 512 ಕೂಡ ಮನೆಗೆ ತಂದು ನೋಡಿದರೆ 476 ಎಂದು ತೋರಿಸುತ್ತದೆ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದು ಹೊಸದಲ್ಲ. ಸೂಪರ್ ಬಿಲ್ಟ್‌ಅಪ್ ಏರಿಯಾಗೆ ದುಡ್ಡು ಕೊಟ್ಟು ಕಾರ್ಪೆಟ್ ಏರಿಯಾದಲ್ಲಿ ಬದುಕುವ ಅಭ್ಯಾಸ ಅವರಿಗಿದೆ. ಇಲ್ಲಿ ಮಾತ್ರ ಯಾರೂ ಮೋಸ ಮಾಡಿಲ್ಲ. ತಯಾರಿಸಿದವರು ಜಿಬಿಗೆ ನೂರು ಕೋಟಿ ಬೈಟು ಎಂದು ಎಣಿಸುತ್ತಾರೆ, ವಿಂಡೋಸ್ ಸಾವಿರದ ಬದಲು 1024ರ ಗುಣಾಕಾರದಲ್ಲಿ ಎಣಿಸುತ್ತದೆ.

ಅಂಗಡಿಯಲ್ಲಿ ನಾವು ಕೇಳಬೇಕಾದ ಪ್ರಶ್ನೆಯನ್ನು ಕೊನೆಗೆ ಕೇಳಿದವಳು ಜೊತೆಗೇ ಬಂದಿದ್ದ ಅಕ್ಕನ ಮಗಳು. "ಅಣ್ಣ, ಇದ್ರಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದಾ, ಸ್ಲಾಟ್ ಇದೆಯಾ?" ಹುಡುಗ ಮೊದಲ ಬಾರಿ ಅವಳ ಕಡೆ ತಿರುಗಿದ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿದೆಯೋ ಸಾಯುವ ತನಕ ಅಷ್ಟೇ. ಅಂಥದ್ದರಲ್ಲಿ ಮೊದಲೇ 16 ಇರಬೇಕು. ಹುಡುಗ ಬೇರೊಂದು ಮಾಡೆಲ್‌ನ ಡೆಮೊ ತಂದು, ಬೆನ್ನಿನ ಸ್ಕ್ರೂ ಬಿಚ್ಚಿ, ಹಳೆಯ ಎಟಿಎಂ ಕಾರ್ಡನ್ನು ಸಂದಿಯಲ್ಲಿ ಆಡಿಸಿ ತಳದ ಮುಚ್ಚಳ ಎಬ್ಬಿಸಿದ. ಒಳಗೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಎಸ್‌ಎಸ್‌ಡಿ ಒಂದೇ ಸ್ಕ್ರೂವಿನಲ್ಲಿ ಕೂತಿತ್ತು. ಪಕ್ಕದಲ್ಲಿ 8 ಜಿಬಿಯ ಒಂದು ರ‍್ಯಾಮ್ ಕಡ್ಡಿ, ಇನ್ನೊಂದು ಸ್ಲಾಟ್ ಖಾಲಿ. ಎರಡನೆಯ ಕಡ್ಡಿಯನ್ನು ಓರೆಯಾಗಿ ತೂರಿಸಿ ಹೆಬ್ಬೆರಳಲ್ಲಿ ಒತ್ತಿದ. ಎರಡೂ ಬದಿಯ ಕ್ಲಿಪ್ಪು ಟಕ್ ಎಂದವು. "ಎಂಟು ಪ್ಲಸ್ ಎಂಟು, ಡ್ಯುಯಲ್ ಚಾನೆಲ್ ಆಗುತ್ತೆ ಮೇಡಂ. ಹದಿನಾರರ ಒಂದೇ ಕಡ್ಡಿಗಿಂತ ಚೆನ್ನಾಗಿ ಓಡುತ್ತೆ" ಎಂದ. ಅಷ್ಟು ಹೊತ್ತು ಸಾರ್ ಸಾರ್ ಎನ್ನುತ್ತಿದ್ದವನ ವ್ಯವಹಾರವೆಲ್ಲ ಅಲ್ಲಿಂದ ಮೇಡಂ ಜೊತೆಗೇ.

16 ಮತ್ತು 512 ಎಂದು ತೀರ್ಮಾನವಾಯಿತು. ಭಾವ ಎದುರಾಡಲಿಲ್ಲ. ಬಿಲ್ ಬರೆಸುವಾಗ ಮಾತ್ರ ಗಾಜಿನ ಕಪಾಟಿನತ್ತ ಬೆರಳು ತೋರಿಸಿ, "ಉಳಿದ ದುಡ್ಡಿಗೆ ಆ ಒಂದು ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕೂ ಹಾಕಪ್ಪ, ಇರ್ಲಿ" ಎಂದರು. ಅಕ್ಕನ ಮಗಳು ನನ್ನ ಮುಖ ನೋಡಿದಳು. ನಾನು ತುಟಿ ಬಿಚ್ಚಲಿಲ್ಲ. ಎಸ್‌ಎಸ್‌ಡಿ ಎಷ್ಟೇ ದೊಡ್ಡದಿರಲಿ, ಒಂದು ದಿನ ಹೇಳದೆ ಕೇಳದೆ ಕೈಕೊಡಬಹುದು. ಮುಖ್ಯವಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಮಗಳ ಪ್ರಾಜೆಕ್ಟ್ ವರದಿಗಾಗಿ ನಾನೇ ಹೇಳಬೇಕೆಂದಿದ್ದ ಸಾಮಾನನ್ನು ಭಾವ ಹತ್ತು ಆಧಾರ್‌ಗಳ ಭವಿಷ್ಯಕ್ಕಾಗಿ ಕೊಂಡಿದ್ದರು. ತಪ್ಪು ಕಾರಣಕ್ಕೆ ಸರಿಯಾದ ವಸ್ತು ಕೊಂಡವರಿಗೆ ಉಪದೇಶ ಮಾಡಬಾರದು, ಕಾಫಿ ಕುಡಿಸಬೇಕು.