ಸಾಧಾರಣಕ್ಕೆ ಏಳು

(ಗೇಮ್ ಪತ್ರಿಕೆಯೊಂದರ ಕಚೇರಿ. ಹೊಸ ವಿಮರ್ಶಕ ಸಂಪಾದಕರ ಮೇಜಿನ ಮುಂದೆ ನಿಂತಿದ್ದಾನೆ.)

ಸಂಪಾದಕ: ಏನಯ್ಯಾ ಇದು, ಹತ್ತಕ್ಕೆ ಐದು ಕೊಟ್ಟಿದ್ದೀಯ? ಗೇಮ್ ಮಾಡಿದವರ ಮೇಲೆ ಏನು ಹಗೆ ನಿನಗೆ?

ವಿಮರ್ಶಕ: ಹಗೆ ಏನಿಲ್ಲ ಸಾರ್. ಗೇಮ್ ಸಾಧಾರಣವಾಗಿತ್ತು. ಹತ್ತರ ಅರ್ಧ ಐದಲ್ಲವೇ?

ಸಂಪಾದಕ: ಅದು ಗಣಿತ. ಇದು ವಿಮರ್ಶೆ. ಇಲ್ಲಿ ಸಾಧಾರಣಕ್ಕೆ ಏಳು.

ವಿಮರ್ಶಕ: ಚೆನ್ನಾಗಿದ್ದರೆ?

ಸಂಪಾದಕ: ಎಂಟು. ತುಂಬ ಚೆನ್ನಾಗಿದ್ದರೆ ಒಂಬತ್ತು. ಜಾಹೀರಾತೂ ಚೆನ್ನಾಗಿದ್ದರೆ ಹತ್ತು.

ವಿಮರ್ಶಕ: ಮತ್ತೆ ಒಂದರಿಂದ ಆರು?

ಸಂಪಾದಕ: ಅವು ಶೋಭೆಗೆ. ಯಾರೂ ಮುಟ್ಟುವುದಿಲ್ಲ.

ವಿಮರ್ಶಕ: ಎಲ್ಲರ ವಿಮರ್ಶೆಯ ಅಂಕ ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಜಾಲತಾಣ ನೋಡಿ ಸಾರ್. ಸಿನಿಮಾಕ್ಕೆ ನೂರಕ್ಕೆ 61 ಬಂದರೆ ಹಸಿರು ಬಣ್ಣ. ಗೇಮ್‌ಗೆ 75 ಬೇಕು. 45 ಬಂದ ಸಿನಿಮಾಕ್ಕೆ ಹಳದಿ, ಅಷ್ಟೇ ಬಂದ ಗೇಮ್‌ಗೆ ಕೆಂಪು!

ಸಂಪಾದಕ: ಕಂಡೆಯಾ, ನಮ್ಮ ಮಾನದಂಡ ಎಷ್ಟು ಎತ್ತರ!

ವಿಮರ್ಶಕ: ಮಾನದಂಡ ಎತ್ತರವಲ್ಲ ಸಾರ್, ಅಂಕಕ್ಕೆ ಬಾವು ಬಂದಿದೆ.

ಸಂಪಾದಕ: ಹುಷಾರು. 2010ರ ಫಾಲ್‌ಔಟ್: ನ್ಯೂ ವೇಗಸ್ ಗೇಮ್‌ನ ಕಥೆ ಕೇಳಿದ್ದೀಯಾ? ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಅದನ್ನು ಮಾಡಿದ ಅಬ್ಸಿಡಿಯನ್ ಕಂಪನಿಗೆ ಬೋನಸ್ ಅಂತ ಒಪ್ಪಂದ. ಬಂದದ್ದು 84. ಬೋನಸ್ ಹೋಯಿತು. ನಿನ್ನ ಐದು ಎಷ್ಟು ಜನರ ಅನ್ನಕ್ಕೆ ಕಲ್ಲು ಹಾಕೀತು ಗೊತ್ತಾ?

ವಿಮರ್ಶಕ: ಹಾಗಾದರೆ ತಪ್ಪು ಅಂಕ ಕೊಟ್ಟವನದ್ದೋ, ಅಂಕ ನೋಡಿ ದುಡ್ಡು ಕೊಡುವವನದ್ದೋ?

ಸಂಪಾದಕ: (ಯೋಚಿಸಿ) ಪ್ರಶ್ನೆ ಅಂಥಾ ವಿಶೇಷವೇನಲ್ಲ. ಹತ್ತಕ್ಕೆ ಏಳು.