ನನಗಂತೂ ಬೇಡಪ್ಪ

ಅಧಿಕಾರಕ್ಕೆ ಹಾತೊರೆಯುವವನ ಕೈಗೆ ಅಧಿಕಾರ ಕೊಡಬಾರದು ಎಂದು ನಿವೃತ್ತಿಯಾಗುವ ತನಕ ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ಮಾತು ನನ್ನದಲ್ಲ, ಪ್ಲೇಟೋನದು. ಒಳ್ಳೆಯವರಿಗೆ ದುಡ್ಡಿನ ಆಸೆಯಿಲ್ಲ, ಹೆಸರಿನ ಆಸೆಯೂ ಇಲ್ಲ. ಅವರು ಆಳಲು ಒಪ್ಪಬೇಕಾದರೆ ಬಲವಂತ ಬೇಕು. ‘ನೀನು ಬಾರದಿದ್ದರೆ ನಿನಗಿಂತ ಕಳಪೆಯವನು ನಿನ್ನನ್ನು ಆಳುತ್ತಾನೆ’ ಎಂಬ ಹೆದರಿಕೆಯೇ ಆ ಬಲವಂತ. ‘ರಿಪಬ್ಲಿಕ್’ನ ಮೊದಲ ಭಾಗದಲ್ಲೇ ಸಾಕ್ರೆಟಿಸ್ ಇದನ್ನು ಹೇಳುತ್ತಾನೆ. ಪರೀಕ್ಷೆಗೆ ಬಂದೇ ಬರುವ ಪ್ರಶ್ನೆ. ನನ್ನ ವಿದ್ಯಾರ್ಥಿಗಳು ಉತ್ತರ ಬರೆದು, ಪಾಸಾಗಿ, ಮರೆತು ಸುಖವಾಗಿದ್ದಾರೆ. ಅದನ್ನು ನಂಬಿಕೊಂಡು ಹಾಸನ ಜಿಲ್ಲೆಯ ಹಳ್ಳಿಗೆ ಬಂದು ಕೂತವನು ನಾನೊಬ್ಬನೇ.

2015ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ನನಗೆ ಅಧಿಕಾರ ಬೇಡ. ಬೇಡವಾದ್ದರಿಂದ ನಾನೇ ಯೋಗ್ಯ. ಯೋಗ್ಯನಾದ್ದರಿಂದ ಊರಿನವರು ಬಂದು ಬಲವಂತ ಮಾಡಲೇಬೇಕು. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ‘ಬೇಡ’ ಎನ್ನುವುದಕ್ಕಾಗಿ ಜಗುಲಿಯ ಮೇಲೆ ಕಾದು ಕೂತೆ. ಹಾದುಹೋದವರು ‘ಏನ್ ಮೇಷ್ಟ್ರೇ, ಯಾವುದೋ ಮದುವೆಗೆ ಹೊರಟಂಗಿದೆ?’ ಎಂದರೇ ಹೊರತು ಒಬ್ಬರೂ ಬಲವಂತ ಮಾಡಲಿಲ್ಲ.

ರಾಜ್ಯ ಬೇಡವೆನ್ನುವ ಭಾಗ್ಯ ಭರತನಿಗೆ ಸಿಕ್ಕಿದ್ದಾದರೂ ಹೇಗೆ? ಕೇಳಿ ಕೊಡಿಸಲು ಮನೆಯಲ್ಲಿ ಕೈಕೇಯಿ ಇದ್ದಳು. ನನಗಿದ್ದವನು ಬಾಮೈದ.

‘ಹತ್ತು ಜನರನ್ನ ಕರ್ಕೊಂಡು ಬಾ. ನಿಲ್ಲಲೇಬೇಕು ಅಂತ ಹಟ ಹಿಡೀರಿ’ ಎಂದೆ.

‘ಭಾವ, ನೀವು ಎಷ್ಟು ಸಲ ಬ್ಯಾಡ ಅಂತೀರಿ?’

‘ಎರಡು ಸಲ. ಮೂರನೇದಕ್ಕೆ, ನಿಮ್ಮ ಪ್ರೀತಿಗೆ ಕಟ್ಟುಬಿದ್ದು, ಅಂತ ಶುರುಮಾಡ್ತೀನಿ.’

ಭಾನುವಾರ ಬೆಳಿಗ್ಗೆ ಬಂದರು. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು, ‘ಬೇಡ ಬೇಡ’ ಎನ್ನುತ್ತಲೇ ಬೆರಳು ಅಗಲಿಸುವ ವಿದ್ಯೆ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ನಾನೂ ಬೆರಳು ಅಗಲಿಸಿಯೇ ಒಂದು ಸಲ ಬೇಡವೆಂದೆ. ಮತ್ತೆ ಕೇಳಿದರು. ಇನ್ನೂ ಚೆನ್ನಾಗಿ ಬೇಡವೆಂದೆ. ಸಂತ, ಸನ್ಯಾಸಿ, ಶ್ರವಣಬೆಳಗೊಳದ ಬಾಹುಬಲಿ ಎಲ್ಲರೂ ಅದರೊಳಗೆ ಬಂದುಹೋದರು. ಮೂರನೇ ಸಲ ಕೇಳಬೇಕಾದ ಬಾಮೈದನ ಬಾಯಿ ತುಂಬ ಕೇಸರಿಬಾತು. ಆ ಸಂದಿಯಲ್ಲಿ ಊರಿನ ಹಿರಿಯರೊಬ್ಬರು ಟವೆಲ್ ಕೊಡವಿ ಎದ್ದುಬಿಟ್ಟರು. ‘ಮೇಷ್ಟ್ರು ಓದ್ಕಂಡೋರು. ಎರಡು ಸಲ ಬ್ಯಾಡ ಅಂದ್ಮೇಲೆ ನಾವು ಕಾಟ ಕೊಡಬಾರ್ದು ಕಣ್ರಪ್ಪ. ನಡೀರಿ.’ ಹತ್ತೂ ಜನ ಕೈಮುಗಿದು ಹೊರಟರು. ನನ್ನ ತ್ಯಾಗವನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡ ಊರನ್ನು ನಾನು ಈಗಲೂ ಕ್ಷಮಿಸಿಲ್ಲ.

ಕೊನೆಯ ದಿನ, ಬಾಗಿಲು ಹಾಕುವ ಹೊತ್ತಿಗೆ, ಯಾರ ಬಲವಂತವೂ ಇಲ್ಲದೆ ಏದುಸಿರು ಬಿಡುತ್ತ ಹೋಗಿ 200 ರೂಪಾಯಿ ಇಡುಗಂಟು ಕಟ್ಟಿ ನಾಮಪತ್ರ ಕೊಟ್ಟುಬಂದೆ. ‘ಅಲ್ಲೇನು ಕೆಲಸವಿತ್ತು?’ ಎಂದು ಮನೆಯವಳು ಕೇಳಿದಳು. ‘ಕಳಪೆಯವರು ಆಳಬಾರದಲ್ಲ’ ಎಂದೆ. ‘ಅವರ್‍ಯಾರು?’ ಎಂದಳು. ನಾನಿನ್ನೂ ಪಟ್ಟಿ ನೋಡಿರಲಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಯಾರು ಯಾವ ಪಕ್ಷವೆಂದು ಊರಿನ ನಾಯಿಗೂ ಗೊತ್ತು, ಮತಪತ್ರಕ್ಕೆ ಮಾತ್ರ ಗೊತ್ತಿಲ್ಲ. ಟ್ರಾಕ್ಟರು, ಆಟೋ ಮೊದಲೇ ಖರ್ಚಾಗಿದ್ದವು. ನನಗೆ ಬಂದದ್ದು ಬಾಚಣಿಗೆ. ನನ್ನ ತಲೆ ನೋಡಿದವರಿಗೆ ಇದರ ಕಷ್ಟ ಗೊತ್ತು. ನೋಡದವರಿಗೆ ಹೇಳುತ್ತೇನೆ, ಅಲ್ಲಿ ಬಾಚುವುದಕ್ಕೆ ಏನೂ ಉಳಿದಿಲ್ಲ. ಮನೆಮನೆಗೆ ಹೋಗಿ ಟೋಪಿ ತೆಗೆದು ನಮಸ್ಕರಿಸಿದರೆ ಮಕ್ಕಳು ಒಳಗೋಡಿ ಅವ್ವಂದಿರನ್ನು ಕರೆತರುತ್ತಿದ್ದವು. ನನ್ನಷ್ಟು ಜನ ಸೇರಿಸಿದ ಅಭ್ಯರ್ಥಿ ಆ ವಾರ್ಡಿನಲ್ಲಿ ಇನ್ನೊಬ್ಬನಿರಲಿಲ್ಲ.

ಸೇರಿದವರಿಗೆ ನಾನು ಉತ್ತರಮೇರೂರಿನ ಕಥೆ ಹೇಳಿದೆ. ಕಾಂಚೀಪುರದ ಹತ್ತಿರದ ಊರು. ಒಂದನೇ ಪರಾಂತಕ ಚೋಳನ ಕಾಲದಲ್ಲಿ, ಸುಮಾರು 920ರ ಹೊತ್ತಿಗೆ, ಅಲ್ಲಿನ ದೇಗುಲದ ಗೋಡೆಯ ಮೇಲೆ ಊರಸಭೆಯ ನಿಯಮ ಕೆತ್ತಿಸಿದ್ದಾರೆ. ಅರ್ಹರ ಹೆಸರು ಓಲೆಗರಿಯಲ್ಲಿ ಬರೆದು ಮಡಕೆಗೆ ಹಾಕಬೇಕು. ಏನೂ ಅರಿಯದ ಹುಡುಗನ ಕೈಯಲ್ಲಿ ಎತ್ತಿಸಬೇಕು. ವಯಸ್ಸು 35 ದಾಟಿರಬೇಕು, 70 ಮೀರಿರಬಾರದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ನೆಂಟರ ಹೆಸರೂ ಮಡಕೆಗೆ ಬೀಳುವಂತಿಲ್ಲ. ಅಥೆನ್ಸಿನಲ್ಲೂ ಐನೂರು ಜನರ ಸಭೆಗೆ ಚೀಟಿ ಎತ್ತಿಯೇ ಆರಿಸುತ್ತಿದ್ದರು. ಕೈಮುಗಿದು ಬೇಡುವುದೇ ಇಲ್ಲ! ನನ್ನ ಕಣ್ಣು ಒದ್ದೆಯಾಗಿತ್ತು.

ಹಸು ಕರೆಯುತ್ತಿದ್ದ ಅಜ್ಜಿ ತಲೆಯೆತ್ತದೆ ಕೇಳಿತು: ‘ಮಡಕೆ ಯಾರ ಮನೇದು, ಮೇಷ್ಟ್ರೇ?’

‘ಊರಿಂದು.’

‘ಊರ ಮಡಕೆ ಯಾರ ಮನೇಲಿ ಇರ್ತದೋ ಅವನೇ ಅಲ್ವಾ ಯಜಮಾನ?’

ಪ್ಲೇಟೋನನ್ನು ಇಷ್ಟು ವರ್ಷ ಓದಿದರೂ ಹೊಳೆಯದ ಪ್ರಶ್ನೆ. ನಾನು ಟೋಪಿ ಹಾಕಿಕೊಂಡು ಮುಂದಿನ ಮನೆಗೆ ಹೋದೆ. (ಮೀಸಲಾತಿ ಇದ್ದ ಸೀಟಲ್ಲದ್ದರಿಂದ ಅಜ್ಜಿ ನಿಲ್ಲಲಿಲ್ಲವೋ, ಹಸು ಇದ್ದದ್ದರಿಂದಲೋ ತಿಳಿಯದು. ನಿಂತಿದ್ದರೆ ನನ್ನ ಓಟು ಅದಕ್ಕೇ.)

ನನ್ನ ಎದುರಾಳಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಹುಡುಗ. ಭಾಷಣವಿಲ್ಲ, ತ್ಯಾಗವಿಲ್ಲ. ‘ನಂಗೆ ಮೆಂಬರ್ ಆಗ್ಬೇಕು ಅಂತ ಬಲೇ ಆಸೆ ಕಣಣ್ಣ, ಓಟ್ ಹಾಕಿ’ ಎಂದು ಬಾಗಿಲಲ್ಲೇ ಹೇಳುತ್ತಿದ್ದ. ಯಾಕಪ್ಪ ಆಸೆ ಎಂದರೆ, ‘ಈಗ ಮೋಟರು ಸುಟ್ಟೋಯ್ತು ಅಂತ ಪಿಡಿಓಗೆ ಫೋನ್ ಮಾಡಿದ್ರೆ ಎತ್ತಲ್ಲ. ಮೆಂಬರಾದ್ರೆ ಎತ್ತುತಾರೆ.’ ಇಷ್ಟು ನಿರ್ಲಜ್ಜವಾಗಿ ಅಧಿಕಾರ ಕೇಳುವವನನ್ನು ಜನ ತಿರಸ್ಕರಿಸುತ್ತಾರೆಂದು ನಾನು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಎಣಿಕೆಯ ದಿನ ಅವನ ಕಟ್ಟುಗಳನ್ನು ಜೋಡಿಸಲು ಮೇಜು ಸಾಲಲಿಲ್ಲ. ನನ್ನವನ್ನು ಕಟ್ಟುವ ಕೆಲಸ ರಬ್ಬರ್‌ಬ್ಯಾಂಡಿಗೆ ಬೀಳಲೇ ಇಲ್ಲ. ಹೊರಗೆ ನಿಂತು ಬೆರಳು ಮಡಚಿ ನೆಂಟರನ್ನು ಲೆಕ್ಕ ಹಾಕಿದೆ. ಓಟಿಗಿಂತ ನೆಂಟರೇ ಜಾಸ್ತಿ ಬಂದರು. ಇಡುಗಂಟು ಹೋಯಿತು.

ಸೋತ ಮೇಲೆ ಒಳ್ಳೆಯ ಸಹವಾಸ ಹುಡುಕಿಕೊಂಡೆ. ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಗೋಪಾಲಕೃಷ್ಣ ಅಡಿಗರು 1971ರಲ್ಲಿ ಬೆಂಗಳೂರಿನಲ್ಲಿ ನಿಂತು ಸೋತರು. ಚುಟುಕಗಳ ದಿನಕರ ದೇಸಾಯಿ 1967ರಲ್ಲಿ ಅದೇ ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತು ಗೆದ್ದುಬಿಟ್ಟರು. ಅದು ನನ್ನ ವಾದಕ್ಕೆ ಅನುಕೂಲವಲ್ಲ, ಹಾಗಾಗಿ ಊರಿನಲ್ಲಿ ಹೇಳಲಿಲ್ಲ. ಮನೆಯಲ್ಲಿ ಮಾತ್ರ ಕಾರಂತರ ಹೆಸರೆತ್ತಿದೆ.

‘ಅವರಿಗೆ ಕೈಗಾ ಇತ್ತು. ನಿಮಗೇನಿತ್ತು?’ ಎಂದಳು.

ಬಾಚಣಿಗೆ ಎನ್ನಲು ಬಾಯಿ ಬರಲಿಲ್ಲ.

ಇನ್ನು ಆ ಹುಡುಗನ ಆಡಳಿತ. ಕಳಪೆಯವರು ಆಳಿದರೆ ಏನಾಗುತ್ತದೆಂದು ನೋಡಲು ನಾನು ಜಗುಲಿಯ ಮೇಲೆಯೇ ಇದ್ದೆ. ಊರಿನ ಮೋಟರು ಮೊದಲಿಗಿಂತ ಹೆಚ್ಚಾಗಿ ಸುಡತೊಡಗಿತು. ರಿಪೇರಿ ಬಿಲ್ಲು ಅವನ ಅಣ್ಣನ ಅಂಗಡಿಯದು. ಆದರೆ ಮೊದಲು ಸುಟ್ಟ ಮೋಟರು ತಿಂಗಳುಗಟ್ಟಲೆ ಬಿದ್ದಿರುತ್ತಿತ್ತು, ಈಗ ಸಂಜೆಯೊಳಗೆ ನೀರು. ಲಂಚವೋ ಸೇವೆಯೋ ಎಂದು ಟಿಪ್ಪಣಿ ಬರೆಯಲು ಕೂತೆ. ನಲ್ಲಿಯ ಸದ್ದಿಗೆ ಮನೆಯವಳು ‘ಆ ಪುಸ್ತಕ ಬಿಟ್ಟು ಕೊಡಪಾನ ಹಿಡೀರಿ’ ಎಂದಳು. ಅವಳು ಯಾರಿಗೆ ಓಟು ಹಾಕಿದ್ದಳೆಂದು ನಾನು ಕೇಳಿಲ್ಲ. ಮತದಾನ ಗುಪ್ತವಾಗಿರಬೇಕೆಂದೂ ನಾನೇ ಪಾಠ ಹೇಳಿದ್ದೇನೆ.

2020ರ ಡಿಸೆಂಬರಿನಲ್ಲಿ ಮತ್ತೆ ಚುನಾವಣೆ. ನಮ್ಮ ಸೀಟು ಮಹಿಳೆಗೆ ಮೀಸಲಾಯಿತು. ಅದೇ ಹಿರಿಯರು, ಅದೇ ಟವೆಲ್, ಈ ಸಲ ಮಾಸ್ಕು ಬೇರೆ. ನಾನು ಜಗುಲಿಯಿಂದ ಎದ್ದು ಗಂಟಲು ಸರಿಮಾಡಿಕೊಂಡು, ‘ನೋಡಿ, ನಮ್ಮ ಮನೆತನದಲ್ಲಿ ಅಧಿಕಾರ ಅಂದ್ರೆ...’ ಎಂದು ಶುರುಮಾಡಿದೆ.

‘ನಿಮ್ಮನ್ನಲ್ಲ ಮೇಷ್ಟ್ರೇ, ಅಕ್ಕನ್ನ ಕೇಳಾಕೆ ಬಂದ್ವಿ.’

ಒಳಗಿನಿಂದ, ಕಾಫಿ ಕೆಳಗಿಳಿಸುವ ಮುಂಚೆಯೇ ಉತ್ತರ ಬಂತು: ‘ಆಗ್ಲಿ, ನಿಂತ್ಕೋತೀನಿ. ಹೆಂಗಸರಿಗೆ ಇಡುಗಂಟು ನೂರೇ ಅಲ್ವಾ?’